ಒಂದೇ ಷಡ್ಜದ ಮೇಲೆ ನಿಂತ ಹಾಡು: ಸೈಕೆಡೆಲಿಕ್ ರಾಕ್ ಜನಪ್ರಿಯ ಸಂಗೀತಕ್ಕೆ ಕೊಟ್ಟದ್ದೇನು?

ಗ್ರಾಮಫೋನ್ ತಟ್ಟೆ

ಸೈಕೆಡೆಲಿಕ್ ರಾಕ್ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಎಲ್‌ಎಸ್‌ಡಿ ಎಂಬ ಮಾದಕ ವಸ್ತು, ಉದ್ದ ಕೂದಲು ಮತ್ತು ಅಕ್ಷರಗಳು ಕರಗಿ ಹರಿಯುವಂತೆ ಬರೆದ ಬಣ್ಣದ ಪೋಸ್ಟರುಗಳು. 1956ರಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಅವರು ಲೇಖಕ ಆಲ್ಡಸ್ ಹಕ್ಸ್‌ಲಿ ಅವರೊಂದಿಗಿನ ಪತ್ರವ್ಯವಹಾರದಲ್ಲಿ ಗ್ರೀಕ್ ಮೂಲದಿಂದ ಕಟ್ಟಿದ ಆ ಪದಕ್ಕೆ ಮನಸ್ಸನ್ನು ಪ್ರಕಟಗೊಳಿಸುವಂಥದ್ದು ಎಂಬ ಅರ್ಥವಿದೆ. ಆದರೆ ಇವತ್ತು ಅದು ಒಂದು ಕಾಲದ ವೇಷಭೂಷಣದ ಹೆಸರಾಗಿ ಉಳಿದುಬಿಟ್ಟಿದೆ. ಆ ವೇಷ ಕಳಚಿದ ಮೇಲೂ ಉಳಿದು, ಮುಂದಿನ ಜನಪ್ರಿಯ ಸಂಗೀತವನ್ನೆಲ್ಲ ಬದಲಿಸಿದ್ದು ಯಾವುದು ಎಂಬುದನ್ನು ಇಲ್ಲಿ ಚರ್ಚಿಸಬೇಕೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ಉತ್ತರ ಇದು: ಸ್ಟುಡಿಯೋ ಒಂದು ವಾದ್ಯವಾದದ್ದೇ ಆ ಬದಲಾವಣೆ. ಬೀಟಲ್ಸ್ ತಂಡವು ತನ್ನ ಮೊದಲ ಆಲ್ಬಮ್ಮಿನ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರುವರಿ 11ರ ಒಂದೇ ದಿನದಲ್ಲಿ ಹಾಡಿ ಮುಗಿಸಿತ್ತು. ಆಗ ಧ್ವನಿಮುದ್ರಣವೆಂದರೆ ವೇದಿಕೆಯಲ್ಲಿ ನಡೆಯುವುದನ್ನು ಆದಷ್ಟು ಚೊಕ್ಕವಾಗಿ ಹಿಡಿದಿಡುವ ಕೆಲಸವಾಗಿತ್ತು. ಅದೇ ತಂಡ 1966ರ ಆಗಸ್ಟಿನಲ್ಲಿ ಸಾರ್ವಜನಿಕ ಪ್ರವಾಸಗಳನ್ನು ನಿಲ್ಲಿಸಿ, ಆ ವರ್ಷದ ನವೆಂಬರಿನಿಂದ ಸುಮಾರು ಐದು ತಿಂಗಳ ಕಾಲ ಸ್ಟುಡಿಯೋದಲ್ಲಿ ಕುಳಿತು ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮನ್ನು ಕಟ್ಟಿತು. ಕೈಯಲ್ಲಿದ್ದದ್ದು ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಪದರಗಳನ್ನಷ್ಟೇ ಬೇರೆ ಬೇರೆಯಾಗಿ ಮುದ್ರಿಸಬಲ್ಲ, ಯಂತ್ರಗಳು ಮಾತ್ರ.

ಈ ತಿರುವಿನ ಮೊದಲ ದಾಖಲೆ 1966ರ ಏಪ್ರಿಲ್ 6ರಂದು ಮುದ್ರಣ ಆರಂಭವಾದ ‘ಟುಮಾರೋ ನೆವರ್ ನೋಸ್’. ಗಿಟಾರಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಒಂದರಿಂದ ಒಂದಕ್ಕೆ ಸಾಗುವುದೇ ಹಾಡಿನ ನಡೆ ಎಂದು ತಿಳಿದಿದ್ದ ಕಾಲದಲ್ಲಿ ಇಡೀ ಹಾಡು ಒಂದೇ ಕಾರ್ಡಿನ ಮೇಲೆ ನಿಂತಿದೆ. ಬೇರೆ ಬೇರೆ ಟೇಪ್ ಯಂತ್ರಗಳಲ್ಲಿ ಸುತ್ತುತ್ತಿದ್ದ ಐದು ಟೇಪ್ ಬಳೆಗಳ ಧ್ವನಿಯನ್ನು ಮಿಶ್ರಣದ ಹೊತ್ತಿನಲ್ಲಿ ಕೈಯಿಂದಲೇ ಏರಿಸಿ ಇಳಿಸಿ ಸೇರಿಸಲಾಯಿತು. ದೂರದ ಬೆಟ್ಟದ ತುದಿಯಿಂದ ದಲಾಯಿ ಲಾಮಾ ಪಠಿಸಿದಂತೆ ತನ್ನ ಧ್ವನಿ ಕೇಳಬೇಕೆಂದು ತಂಡದ ಗಾಯಕ ಜಾನ್ ಲೆನನ್ ಬಯಸಿದಾಗ, ಆಗಿನ್ನೂ ಇಪ್ಪತ್ತು ವರ್ಷದವರಾಗಿದ್ದ ಎಂಜಿನಿಯರ್ ಜೆಫ್ ಎಮೆರಿಕ್ ಅವರು ಆ ಧ್ವನಿಯನ್ನು ಹ್ಯಾಮಂಡ್ ಆರ್ಗನ್ನಿನೊಂದಿಗೆ ಬಳಸುವ, ಒಳಗೆ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದರು. ಆ ಹಾಡನ್ನು ನಾಲ್ವರು ವೇದಿಕೆಯ ಮೇಲೆ ನಿಂತು ನುಡಿಸಲು ಸಾಧ್ಯವೇ ಇರಲಿಲ್ಲ. ಇಂದು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಕಟ್ಟುವ ಪ್ರತಿಯೊಬ್ಬರೂ ಆ ಏಪ್ರಿಲ್ ತಿಂಗಳ ವಾರಸುದಾರರು ಎಂದು ನಾನು ನಂಬಿದ್ದೇನೆ. ಇದನ್ನು ಒಪ್ಪದವರ ಅಭಿಪ್ರಾಯವನ್ನೂ ಕೇಳಬಯಸುತ್ತೇನೆ.

ಶ್ರುತಿಪೆಟ್ಟಿಗೆ

ತಟ್ಟೆಯವರೇ, ತಾವು ಹೇಳಿದ ಹಾಡಿನ ಮೊಟ್ಟಮೊದಲ ಕ್ಷಣದಲ್ಲಿ ಕೇಳುವುದು ತಂಬೂರಿ. ಟೇಪು, ಸ್ಪೀಕರು, ಯಂತ್ರಗಳ ವಿವರವನ್ನೆಲ್ಲ ಕೊಟ್ಟವರು ಅದನ್ನೊಂದನ್ನು ಬಿಟ್ಟಿದ್ದೀರಿ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿರುವ ನನಗೆ ಆ ಬಿಟ್ಟುಹೋದ ವಾದ್ಯವೇ ಈ ಚರ್ಚೆಯ ನಡುಮನೆ ಎನಿಸುತ್ತದೆ.

ಹಾಡು ಒಂದೇ ಕಾರ್ಡಿನ ಮೇಲೆ ನಿಂತಿದೆ ಎಂದು ತಾವು ಬರೆದದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಆಧಾರ ಷಡ್ಜದ, ಅಂದರೆ ಮೂಲಸ್ವರವಾದ ‘ಸ’ದ, ಮೇಲೆ ನಿಂತಿದೆ. ನಡುವೆ ಒಂದು ಕ್ಷಣ ‘ನಿ’ ಸ್ವರದ ಒಂದು ಬಗೆಯಾದ ಕೈಶಿಕಿ ನಿಷಾದದ ಕಡೆಗೆ ವಾಲಿ ಮತ್ತೆ ಷಡ್ಜಕ್ಕೆ ಮರಳುತ್ತದೆ. ಶ್ರುತಿ ತಾಯಿ, ಲಯ ತಂದೆ ಎಂದು ಕೇಳುತ್ತಲೇ ಬೆಳೆದ ನಮಗೆ ಇದು ವಿಶೇಷವಾಗಿ ಕಾಣದಿರಬಹುದು. ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಮಾತ್ರ ಅದು ನೆಲವೇ ಅಲುಗಿದ ಅನುಭವವಾಗಿದ್ದಿರಬೇಕು.

ಈ ದಾರಿ ತೆರೆದದ್ದು ರಾಕ್ ತಂಡಗಳಲ್ಲ ಎಂಬುದನ್ನೂ ಸೇರಿಸುತ್ತೇನೆ. 1955ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಪರಿಚಯದ ಮಾತಿನೊಂದಿಗೆ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನದ ಎಲ್‌ಪಿ ಅಮೆರಿಕದಲ್ಲಿ ಬಂತು. ಪಂಡಿತ್ ರವಿಶಂಕರ್ ಅವರನ್ನು ಬಹುವಾಗಿ ಗೌರವಿಸುತ್ತಿದ್ದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1961ರಲ್ಲಿ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದರು. ಮುಂದೆ ತಮ್ಮ ಮಗನಿಗೆ ರವಿ ಎಂದೇ ಹೆಸರಿಟ್ಟರು. 1966ರಲ್ಲಿ ಬರ್ಡ್ಸ್ ತಂಡದ ರೋಜರ್ ಮೆಗ್ವಿನ್ ಹನ್ನೆರಡು ತಂತಿಯ ಗಿಟಾರಿನಲ್ಲಿ ‘ಎಯ್ಟ್ ಮೈಲ್ಸ್ ಹೈ’ ಹಾಡಿಗೆ ನುಡಿಸಿದ ತುಣುಕು ಕೋಲ್ಟ್ರೇನರ ಆ ರಚನೆಯಿಂದ ಹುಟ್ಟಿದ್ದು. ಡೋರ್ಸ್ ತಂಡದ ಗಿಟಾರ್ ವಾದಕ ರಾಬಿ ಕ್ರೀಗರ್ ಲಾಸ್ ಏಂಜಲಿಸ್‌ನಲ್ಲಿ ರವಿಶಂಕರ್ ಅವರ ಕಿನ್ನರ ಶಾಲೆಯಲ್ಲಿ ಕಲಿತವರು.

ಇನ್ನು ಅವರು ತೆಗೆದುಕೊಂಡದ್ದೇನು, ಬಿಟ್ಟದ್ದೇನು ಎಂಬುದನ್ನು ನಾವು ನಿಷ್ಠುರವಾಗಿಯೇ ನೋಡಬೇಕು. ಹೆಚ್ಚಿನವರು ತೆಗೆದುಕೊಂಡದ್ದು ಸಿತಾರಿನ ನಾದದ ಬಣ್ಣವನ್ನು ಮತ್ತು ಎಡೆಬಿಡದ ಶ್ರುತಿಯನ್ನು. ರಾಗವನ್ನು ಸ್ವರ ಸ್ವರವಾಗಿ ಬಿಚ್ಚುವ ತಾಳ್ಮೆಯನ್ನು ಅವರು ತೆಗೆದುಕೊಳ್ಳಲಿಲ್ಲ. ಮೂರು ನಿಮಿಷದ ತಟ್ಟೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿನಲ್ಲಿ ಸಿತಾರ್ ಹಿಡಿದದ್ದು ಗಿಟಾರಿನ ಬದಲಿಗೆ ಇನ್ನೊಂದು ತಂತಿವಾದ್ಯವಾಗಿ ಮಾತ್ರ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ದಾರಿ ಬೇರೆ. ಅವರು 1966ರಲ್ಲಿ ಭಾರತಕ್ಕೆ ಬಂದು ರವಿಶಂಕರ್ ಅವರ ಬಳಿ ಕಲಿಯಲು ಕುಳಿತರು. ಮರುವರ್ಷ ಲಂಡನ್ನಿನಲ್ಲಿದ್ದ ಭಾರತೀಯ ವಾದಕರನ್ನು ಕೂರಿಸಿಕೊಂಡು ಮುದ್ರಿಸಿದ ‘ವಿದಿನ್ ಯೂ ವಿದೌಟ್ ಯೂ’ ಹಾಡನ್ನು ಕೇಳಿದರೆ ನಮ್ಮವರಿಗೆ ಹರಿಕಾಂಭೋಜಿ ರಾಗದ ಸ್ವರಗಳು ತಟ್ಟನೆ ಗುರುತು ಸಿಗುತ್ತವೆ. ನಡುವಿನ ವಾದ್ಯಭಾಗ ಐದರ ಎಣಿಕೆಗೆ ತಿರುಗುತ್ತದೆ. ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ಎಂಟು ಪಿಟೀಲು ಮತ್ತು ಮೂರು ಚೆಲ್ಲೊ ವಾದಕರಿಗೆ ಕಮಾನಿನಿಂದ ನುಡಿಸುವ ದಿಲ್‌ರುಬಾದ ಜಾರುಗಳನ್ನು ಅನುಸರಿಸುವಂತೆ ಬರೆದುಕೊಟ್ಟಿದ್ದರು. ಗಮಕವೇ, ಅಂದರೆ ಸ್ವರವನ್ನು ತೂಗಿ ಜಾರಿಸುವ ಕ್ರಮವೇ, ಇಲ್ಲದ ಅಭ್ಯಾಸದಲ್ಲಿ ಬೆಳೆದ ವಾದಕರ ಬೆರಳುಗಳು ಗಮಕವನ್ನು ಹುಡುಕುತ್ತಿರುವುದು ಅಲ್ಲಿ ಕೇಳಿಸುತ್ತದೆ, ಆ ಹುಡುಕಾಟ ನನಗೆ ಬಹಳ ಪ್ರಿಯವಾದದ್ದು.

ಧ್ವನಿ ಕೊಠಡಿ

ನಾನು ಬೆಂಗಳೂರಿನಲ್ಲಿ ಭಾವಗೀತೆ ಮತ್ತು ಹರಿಕಥೆಯ ಕ್ಯಾಸೆಟ್ಟುಗಳ ಕಾಲದಿಂದಲೂ ಧ್ವನಿಮುದ್ರಣದ ಕೆಲಸ ಮಾಡಿದವನು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಕೈ ಇದು. ಆದ್ದರಿಂದ ಮೊದಲು ತಟ್ಟೆಯವರ ಮಾತಿಗೆ ಕೆಲಸದ ವಿವರವನ್ನು ಸೇರಿಸಿ, ನಂತರ ಶ್ರುತಿಪೆಟ್ಟಿಗೆ ಅಮ್ಮನವರ ಮಾತಿಗೆ ಬರುತ್ತೇನೆ.

ಟೇಪ್ ಬಳೆ ಎಂದರೆ ಟೇಪಿನ ತುಂಡೊಂದರ ಎರಡೂ ತುದಿಗಳನ್ನು ಅಂಟಿಸಿದ ಸುತ್ತು. ಯಂತ್ರದಿಂದ ಹೊರಗೆ ಚಾಚಿಕೊಳ್ಳುವ ಆ ಸುತ್ತು ಸಡಿಲವಾಗದಂತೆ ಯಾರಾದರೂ ಪೆನ್ಸಿಲಿನ ಮೇಲೆ ಅದನ್ನು ಹಿಡಿದು ನಿಲ್ಲಬೇಕು. ಆ ಹಾಡಿನ ಮಿಶ್ರಣದ ದಿನ ಆಬಿ ರೋಡ್ ಸ್ಟುಡಿಯೋದ ಸಿಬ್ಬಂದಿ ಹಾಗೆ ಪೆನ್ಸಿಲು ಹಿಡಿದು ನಿಂತಿದ್ದರು. ಅದೇ ವರ್ಷ ಅಲ್ಲಿನ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಇನ್ನೊಂದು ಉಪಾಯ ಕಂಡುಹಿಡಿದರು. ಗಾಯಕರ ಧ್ವನಿ ತುಂಬಿಕೊಂಡು ಕೇಳಲೆಂದು ಅದೇ ಸಾಲನ್ನು ಎರಡು ಸಲ ಹಾಡಿಸುವುದು ಆಗಿನ ರೂಢಿಯಾಗಿತ್ತು, ಲೆನನ್‌ಗೆ ಅದು ಬೇಸರದ ಕೆಲಸ. ಟೌನ್‌ಸೆಂಡ್ ಅದೇ ಧ್ವನಿಯ ನಕಲನ್ನು ಎರಡನೆಯ ಟೇಪ್ ಯಂತ್ರದಿಂದ ತುಸು ತಡವಾಗಿ, ವೇಗವನ್ನು ಅತ್ತಿತ್ತ ತೂಗಿಸುತ್ತ ಮರಳಿ ಸೇರಿಸಿದರು. ಆ ಎರಡು ಧ್ವನಿಗಳ ನಡುವಿನ ಅಂತರವನ್ನು ಇನ್ನಷ್ಟು ಕಿರಿದಾಗಿಸಿದರೆ ನಾದ ಒಳಗಿನಿಂದ ತೊಳೆದಂತೆ ತಿರುಗತೊಡಗುತ್ತದೆ. 1967ರಲ್ಲಿ ಸ್ಮಾಲ್ ಫೇಸಸ್ ತಂಡದ ‘ಇಚ್ಚಿಕೂ ಪಾರ್ಕ್’ ಹಾಡಿಗೆ ಒಲಿಂಪಿಕ್ ಸ್ಟುಡಿಯೋದ ಜಾರ್ಜ್ ಕಿಯಾಂಟ್ಸ್ ಅವರು ಕೊಟ್ಟ ಪರಿಣಾಮ ಇದೇ. ಇವತ್ತು ನಮ್ಮ ಆರ್ಕೆಸ್ಟ್ರಾ ಹುಡುಗರು ಗಿಟಾರಿನ ಕಾಲಬುಡದಲ್ಲಿ ಇಟ್ಟುಕೊಳ್ಳುವ ಕೋರಸ್, ಫ್ಲ್ಯಾಂಜರ್ ಪೆಡಲುಗಳೆಲ್ಲ ಆ ಎರಡು ಯಂತ್ರಗಳ ಜಗ್ಗಾಟವನ್ನು ಒಂದು ಪುಟ್ಟ ಡಬ್ಬಿಯೊಳಗೆ ಕೂರಿಸಿದ ರೂಪಗಳು.

ಈಗ ಅಮ್ಮನವರ ಮಾತು. ನಿಮ್ಮಿಬ್ಬರ ಮಾತುಗಳು ಬೇರೆ ಬೇರೆಯಲ್ಲ ಎಂದು ನನಗೆ ತೋರುತ್ತದೆ. ಕಾರ್ಡ್‌ಗಳು ಸಾಗುತ್ತಿದ್ದರೆ ಕೇಳುಗನ ಕಿವಿ ಅವುಗಳ ಹಿಂದೆ ಹೋಗುತ್ತದೆ. ಅವು ನಿಂತುಬಿಟ್ಟರೆ ಕಿವಿ ಚಲನೆಯನ್ನು ಬೇರೆ ಕಡೆ ಹುಡುಕುತ್ತದೆ. ನಮ್ಮ ಪದ್ಧತಿಯಲ್ಲಿ ಶ್ರುತಿ ನಿಂತಿರುವಾಗ ಆ ಚಲನೆಯನ್ನು ಕೊಡುವುದು ಗಮಕ. ಗಮಕದ ಕಲಿಕೆಯಿಲ್ಲದ ರಾಕ್ ಸಂಗೀತಗಾರರು ಶ್ರುತಿಯನ್ನು ತಂದುಕೊಂಡ ಮೇಲೆ ಆ ಖಾಲಿ ಜಾಗವನ್ನು ನಾದದ ಬಣ್ಣವನ್ನೇ ಕ್ಷಣಕ್ಷಣಕ್ಕೂ ಬದಲಿಸುವ ಮೂಲಕ ತುಂಬಿದರು. ಹಿಮ್ಮುಖವಾಗಿ ಓಡುವ ಗಿಟಾರು, ತಿರುಗುವ ಸ್ಪೀಕರು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಳಸಿದ, ನಾದವನ್ನು ಒರಟಾಗಿಸುವ ಫಜ್ ಮತ್ತು ಕಾಲಿನಿಂದ ಒತ್ತಿ ಅಲೆಯಾಡಿಸುವ ವಾ-ವಾ ಪೆಡಲುಗಳು, ಎಲ್ಲವೂ ನಿಂತ ಸ್ವರದೊಳಗೆ ಚಲನೆಯನ್ನು ಹುಟ್ಟಿಸುವ ಸಾಧನಗಳು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಒಂದು ಎಳೆ ನೂಲು ಮಾಡುವ ಕೆಲಸವನ್ನು, ಅಂದರೆ ಒಂದೇ ಸ್ವರದೊಳಗಿನ ಹಲವು ನಾದಗಳನ್ನು ಅರಳಿಸುವ ಕೆಲಸವನ್ನು, ಅವರು ವಿದ್ಯುತ್ತಿನಿಂದ ಮಾಡಿದರು.

ಕೊಡಚಾದ್ರಿ

ಇಲ್ಲಿನ ವಿವರಗಳನ್ನು ಓದಿ ಬಹಳ ಕಲಿತೆ, ಎಲ್ಲರಿಗೂ ವಂದನೆಗಳು. ಆದರೆ ಚರ್ಚೆ ಮಾದಕ ವಸ್ತುವಿನ ಪ್ರಶ್ನೆಯನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಿರುವುದು ನನಗೆ ಸಮಾಧಾನ ತರುತ್ತಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಮೊದಲ ಆಲ್ಬಮ್ಮಿನ ಬಹುಪಾಲು ಹಾಡುಗಳನ್ನು ಬರೆದ ಸಿಡ್ ಬ್ಯಾರೆಟ್ 1968ರ ಹೊತ್ತಿಗೆ ತಂಡದಲ್ಲಿ ಮುಂದುವರಿಯಲಾಗದ ಸ್ಥಿತಿ ತಲುಪಿದ್ದರು. 1975ರ ಜೂನಿನಲ್ಲಿ ಅವರ ನೆನಪಿಗೇ ಬರೆದ ಹಾಡಿನ ಕೆಲಸ ನಡೆಯುತ್ತಿದ್ದಾಗ ಅವರು ಸ್ಟುಡಿಯೋಗೆ ಬಂದರು. ತಲೆ ಮತ್ತು ಹುಬ್ಬು ಬೋಳಿಸಿಕೊಂಡಿದ್ದ ಅವರನ್ನು ಹಳೆಯ ಗೆಳೆಯರು ಮೊದಲಿಗೆ ಗುರುತಿಸಲಿಲ್ಲ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಟೆಕ್ಸಾಸಿನ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್ ತಂಡವು ತನ್ನ 1966ರ ಆಲ್ಬಮ್ಮಿನ ಹೆಸರಿನಲ್ಲೇ ಸೈಕೆಡೆಲಿಕ್ ಎಂಬ ಪದವನ್ನು ಇಟ್ಟುಕೊಂಡಿತ್ತು. ಅದರ ಗಾಯಕ ರಾಕಿ ಎರಿಕ್ಸನ್ 1969ರಲ್ಲಿ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಬಂಧಿತರಾಗಿ, ಶಿಕ್ಷೆ ತಪ್ಪಿಸಿಕೊಳ್ಳಲು ಮಾನಸಿಕ ಅಸ್ವಸ್ಥತೆಯ ವಾದ ಹೂಡಿ, 1972ರವರೆಗೆ ಮಾನಸಿಕ ಆಸ್ಪತ್ರೆಯಲ್ಲಿ ಬಂಧನದಲ್ಲಿದ್ದರು. ಅವರಿಗೆ ವಿದ್ಯುದಾಘಾತ ಚಿಕಿತ್ಸೆಯನ್ನೂ ಕೊಡಲಾಯಿತು. ಸಂಗೀತದ ಕೊಡುಗೆಯನ್ನು ಲೆಕ್ಕ ಹಾಕುವಾಗ ಈ ಇಬ್ಬರನ್ನು ಅಡಿಟಿಪ್ಪಣಿಗೆ ತಳ್ಳಬಾರದು ಎಂಬುದು ನನ್ನ ಬೇಡಿಕೆ.

ಜೊತೆಗೆ ಕೊಠಡಿಯವರಿಗೆ ಒಂದು ಪ್ರಶ್ನೆ: ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡು ಎರಡು ಬೇರೆ ಮುದ್ರಣಗಳನ್ನು ಅಂಟಿಸಿದ್ದು ಎನ್ನುತ್ತಾರಲ್ಲ, ಆ ಬೆಸುಗೆ ಎಲ್ಲಿದೆ ಎಂದು ಕಿವಿಗೆ ಗೊತ್ತಾಗುತ್ತದೆಯೇ?

ಗ್ರಾಮಫೋನ್ ತಟ್ಟೆ

ಕೊಡಚಾದ್ರಿಯವರ ಆಕ್ಷೇಪವನ್ನು ಒಪ್ಪುತ್ತೇನೆ. ವೇಷ ಕಳಚಿದರೆ ಎಂದು ನಾನು ಬರೆದಾಗ ಆ ವೇಷದೊಳಗೆ ಮನುಷ್ಯರೂ ಇದ್ದರು ಎಂಬುದನ್ನು ಮರೆತೆ. ಈ ವಿಷಯದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದವರು ರವಿಶಂಕರ್. 1967ರ ಜೂನ್ 18ರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಸಂಗೀತೋತ್ಸವದಲ್ಲಿ ಅವರು ನುಡಿಸಿದರು. ಅದೇ ರಾತ್ರಿ ಹೆಂಡ್ರಿಕ್ಸ್ ಅದೇ ವೇದಿಕೆಯಲ್ಲಿ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದರು. ವಾದ್ಯವನ್ನು ಪೂಜಿಸುವ ಪರಂಪರೆಯಿಂದ ಬಂದ ರವಿಶಂಕರ್ ಅವರಿಗೆ ಅದು ನೋವು ತಂದಿತು. ತಮ್ಮ ಸಂಗೀತವನ್ನು ಅಮಲಿನೊಂದಿಗೆ ಬೆರೆಸಬೇಡಿ, ಎಚ್ಚರದ ಮನಸ್ಸಿನಿಂದ ಕೇಳಿ ಎಂದು ಅವರು ಮುಂದಿನ ದಶಕಗಳುದ್ದಕ್ಕೂ ಹೇಳುತ್ತಲೇ ಬಂದರು.

ಕೊಠಡಿಯವರು ಹೇಳಿದ ಚಲನೆಯ ವಿವರಣೆ ನನ್ನ ಮೂಲ ವಾದಕ್ಕಿಂತ ಆಳವಾದದ್ದು. ಸ್ಟುಡಿಯೋ ವಾದ್ಯವಾದದ್ದು ಹೇಗೆ ಎಂದು ನಾನು ಹೇಳಿದ್ದೆ, ಅದು ಆಗಲೇಬೇಕಾದ ಅಗತ್ಯ ಎಲ್ಲಿಂದ ಬಂತು ಎಂದು ಅವರು ಹೇಳಿದ್ದಾರೆ.

ನಡುರಾತ್ರಿ ರೇಡಿಯೋ

ವಿವರಣೆ ಸೊಗಸಾಗಿದೆ, ಆದರೆ ಅದರಲ್ಲಿ ಒಂದು ದೊಡ್ಡ ಬಿಟ್ಟುಹೋದ ಭಾಗವಿದೆ. ಒಂದೇ ಕಾರ್ಡಿನ ಮೇಲೆ ನಿಲ್ಲುವುದನ್ನು ಅಮೆರಿಕ ಕಲಿಯಲು ಭಾರತದವರೆಗೆ ಬರಬೇಕಾಗಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಜಾನ್ ಲೀ ಹೂಕರ್ 1940ರ ದಶಕದ ಕೊನೆಯಲ್ಲೇ ಒಂದೇ ಕಾರ್ಡಿನ ಮೇಲೆ ಕಾಲು ತಟ್ಟುತ್ತ ಬ್ಲೂಸ್ ಹಾಡುತ್ತಿದ್ದರು. ಜೇಮ್ಸ್ ಬ್ರೌನ್ 1967ರ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ ಕಾರ್ಡ್‌ಗಳ ಓಟವನ್ನು ಹೆಚ್ಚುಕಡಿಮೆ ನಿಲ್ಲಿಸಿ ಇಡೀ ವಾದ್ಯಮೇಳವನ್ನೇ ತಾಳವಾದ್ಯವಾಗಿಸಿದರು. ಅವರಿಗೆ ಅದಕ್ಕೆ ತಂಬೂರಿ ಬೇಕಾಗಿರಲಿಲ್ಲ. ಹೆಂಡ್ರಿಕ್ಸ್ ಬೆಳೆದದ್ದೂ ಅದೇ ಕಪ್ಪು ಸಂಗೀತದ ಪರಂಪರೆಯಲ್ಲಿ, ಆ ತಂಡಗಳ ಹಿಂದೆ ನಿಂತು ಗಿಟಾರ್ ನುಡಿಸುತ್ತ. ಶ್ರುತಿಯ ಶ್ರೇಯಸ್ಸನ್ನೆಲ್ಲ ನಾವೇ ತೆಗೆದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಪ್ರಭಾವ ಹರಿದ ದಿಕ್ಕನ್ನು ನೋಡಿದರೂ ಇದೇ ತಿಳಿಯುತ್ತದೆ. ಸೈಕೆಡೆಲಿಕ್ ನಾದವು ಬಿಳಿಯರ ರಾಕ್‌ನಿಂದ ಆಚೆಗೆ ಮೊದಲು ಹೋದದ್ದು ಕಪ್ಪು ಜನರ ಸೋಲ್ ಸಂಗೀತಕ್ಕೆ. ಡೆಟ್ರಾಯ್ಟಿನ ಮೋಟೌನ್ ಸಂಸ್ಥೆ ಅಚ್ಚುಕಟ್ಟಾದ ಪ್ರೇಮಗೀತೆಗಳಿಗೆ ಹೆಸರಾಗಿತ್ತು. ಅಲ್ಲಿ ನಾರ್ಮನ್ ವಿಟ್‌ಫೀಲ್ಡ್ ಅವರು 1968ರಲ್ಲಿ ಟೆಂಪ್ಟೇಷನ್ಸ್ ತಂಡಕ್ಕಾಗಿ ವಾ-ವಾ ಗಿಟಾರಿನೊಂದಿಗೆ ‘ಕ್ಲೌಡ್ ನೈನ್’ ಹಾಡನ್ನು ಕಟ್ಟಿದರು. ಆ ಸಂಸ್ಥೆಗೆ ಮೊದಲ ಗ್ರ್ಯಾಮಿ ತಂದುಕೊಟ್ಟದ್ದು ಅದೇ ಹಾಡು. ಫಂಕಡೆಲಿಕ್ ತಂಡದ ಎಡ್ಡಿ ಹೇಜಲ್ 1971ರ ‘ಮ್ಯಾಗಟ್ ಬ್ರೇನ್’ನಲ್ಲಿ ಹತ್ತು ನಿಮಿಷ ಗಿಟಾರಿನಲ್ಲಿ ಅತ್ತಿದ್ದಾರೆ ಎಂದೇ ಹೇಳಬೇಕು. ವುಡ್‌ಸ್ಟಾಕ್ ಉತ್ಸವ ಮುಗಿದ ಮರುದಿನವೇ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ನ್ಯೂಯಾರ್ಕಿನಲ್ಲಿ ‘ಬಿಚಸ್ ಬ್ರೂ’ ಮುದ್ರಣಕ್ಕೆ ಕುಳಿತರು; ಗಂಟೆಗಟ್ಟಲೆ ನುಡಿಸಿದ್ದನ್ನು ನಿರ್ಮಾಪಕ ಟಿಯೊ ಮಸೇರೊ ಅವರು ಟೇಪು ಕತ್ತರಿಸಿ ಜೋಡಿಸಿ ರೂಪಕ್ಕೆ ತಂದರು. ಜಾಝ್ ಲೋಕದಲ್ಲಿ ಅದನ್ನು ಅಪಚಾರವೆಂದವರೂ ಇದ್ದರು.

ಹಾಡಿನ ಉದ್ದದ ಮಾತನ್ನೂ ಯಾರೂ ಎತ್ತಿಲ್ಲ. ಡೋರ್ಸ್ ತಂಡದ ‘ಲೈಟ್ ಮೈ ಫೈರ್’ ಆಲ್ಬಮ್ಮಿನಲ್ಲಿ ಏಳು ನಿಮಿಷದಷ್ಟಿದೆ. ಎಎಂ ರೇಡಿಯೋಗಾಗಿ ಅದರ ವಾದ್ಯಭಾಗವನ್ನು ಕತ್ತರಿಸಿ ಮೂರು ನಿಮಿಷದೊಳಗೆ ಇಳಿಸಬೇಕಾಯಿತು. 1967ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಎಂಬ ಎಫ್‌ಎಂ ಕೇಂದ್ರದಲ್ಲಿ ಟಾಮ್ ಡೊನಾಹ್ಯೂ ಅವರು ಉದ್ದದ ಹಾಡುಗಳನ್ನು, ಕೆಲವೊಮ್ಮೆ ತಟ್ಟೆಯ ಇಡೀ ಮಗ್ಗುಲನ್ನು, ಹಾಗೆಯೇ ಪ್ರಸಾರ ಮಾಡತೊಡಗಿದರು. ಹಾಡುಗಳ ಸಾಲನ್ನು ಒಂದೇ ಕೃತಿಯಂತೆ ಕೂತು ಕೇಳುವ ಅಭ್ಯಾಸ ಬೇರೂರಿದ್ದು ಹೀಗೆ. ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ 1973ರಿಂದ 1988ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ 741 ವಾರ ಇದ್ದದ್ದು ಆ ಅಭ್ಯಾಸದ ಫಲ.

ಆಫ್ರಿಕಾದಲ್ಲಿ ತಾಮ್ರದ ಗಣಿಗಳ ನಾಡಾದ ಜಾಂಬಿಯಾದ ವಿಚ್ ತಂಡ 1970ರ ದಶಕದಲ್ಲಿ ಫಜ್ ಗಿಟಾರನ್ನು ತನ್ನದೇ ಲಯದ ಮೇಲೆ ಕೂರಿಸಿತು, ಬ್ರೆಜಿಲ್‌ನಲ್ಲಿ ಓಸ್ ಮುಟಾಂಚಿಸ್ ತಂಡ ಸೈನಿಕ ಆಡಳಿತದ ಕಾಲದಲ್ಲಿ ಇದೇ ನಾದವನ್ನು ಹಿಡಿಯಿತು. ಅವೆರಡಕ್ಕೂ ಬೇರೆ ಬೇರೆ ಎಳೆಗಳೇ ಬೇಕು.

ಇಸಾರ್ ದಂಡೆ

ನಾನು ಹಲವು ವರ್ಷಗಳಿಂದ ಮ್ಯೂನಿಕ್‌ನಲ್ಲಿ ಇರುವ ಕನ್ನಡಿಗ. ಈ ಚರ್ಚೆಯಲ್ಲಿ ಬೆಂಗಳೂರಿನ ಹೆಸರು ಬರಲೇಬೇಕಾದ ಒಂದು ಕತೆ ಈ ಊರಿನಿಂದಲೇ ಆರಂಭವಾಗುತ್ತದೆ, ಅದನ್ನು ವಿವರವಾಗಿ ಹೇಳಲು ಅನುಮತಿ ಕೊಡಿ.

1960ರ ದಶಕದ ಕೊನೆಯಲ್ಲಿ ಜರ್ಮನಿಯ ಯುವಕರು ಸೈಕೆಡೆಲಿಕ್ ರಾಕ್ ಅನ್ನು ಇಂಗ್ಲೆಂಡ್ ಮತ್ತು ಅಮೆರಿಕಗಳಿಂದ ಪಡೆದರೂ ಅದನ್ನು ಬೇರೆಯೇ ದಾರಿಯಲ್ಲಿ ನಡೆಸಿದರು. ಕಲೋನ್‌ನ ಕ್ಯಾನ್ ತಂಡದ ಹೋಲ್ಗರ್ ಚುಕಾಯ್ ಸಂಯೋಜಕ ಸ್ಟಾಕ್‌ಹೌಸೆನ್ ಅವರ ಶಿಷ್ಯ; ತಂಡದ ದೀರ್ಘ ವಾದನಗಳನ್ನು ಟೇಪು ಕತ್ತರಿಸಿ ಹಾಡುಗಳಾಗಿಸಿದವರು. ಡ್ಯೂಸೆಲ್‌ಡೋರ್ಫ್‌ನ ನೋಯ್ ತಂಡ 1972ರಲ್ಲಿ ಹೊರತಂದ ‘ಹಲ್ಲೊಗಲ್ಲೊ’ ಹತ್ತು ನಿಮಿಷ ಒಂದೇ ಕಾರ್ಡಿನ ಮೇಲೆ, ಬದಲಾಗದ ಒಂದೇ ನಡೆಯಲ್ಲಿ ಸಾಗುತ್ತದೆ. ಇಂದಿನ ಎಲೆಕ್ಟ್ರಾನಿಕ್ ನೃತ್ಯಸಂಗೀತ ಕೇಳುವವರಿಗೆ ಆ ನಡೆ ಪರಿಚಿತವೆನಿಸುತ್ತದೆ.

ಮ್ಯೂನಿಕ್‌ನಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಮತ್ತು ಗೆಳೆಯರು ಕಟ್ಟಿದ ಎಂಬ್ರಿಯೊ ತಂಡದ ಆಸೆ ಸ್ಟುಡಿಯೋದಲ್ಲಿ ತೀರುವಂಥದ್ದಾಗಿರಲಿಲ್ಲ. 1978ರಲ್ಲಿ ಅವರು ವಾದ್ಯಗಳನ್ನು ಬಸ್ಸಿಗೆ ಹೇರಿಕೊಂಡು ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ರಸ್ತೆಯಲ್ಲೇ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಸ್ಥಳೀಯ ವಾದಕರೊಂದಿಗೆ ಕುಳಿತು ನುಡಿಸಿದರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಎಂಬ್ರಿಯೊ ಬಳಗದ ಒಡನಾಟ ಬೆಳೆಯಿತು. ಆ ತಂಡದಿಂದ ಹೊರಬಂದ ಕೆಲವರು ಕಟ್ಟಿದ ಡಿಸಿಡೆಂಟನ್ ತಂಡದ ಮೊದಲ ಆಲ್ಬಮ್ ‘ಜರ್ಮಾನಿಸ್ತಾನ್’ 1982ರಲ್ಲಿ ಬಂದಾಗ ಅದರಲ್ಲಿ ಬೆಂಗಳೂರಿನ ಈ ಕಲಾವಿದರೂ ಇದ್ದರು. ಎಂಬ್ರಿಯೊ ಜೊತೆ ನುಡಿಸಿದ್ದ, ದಕ್ಷಿಣ ಭಾರತದಲ್ಲಿ ನಾಗಸ್ವರವನ್ನೂ ಅಭ್ಯಾಸ ಮಾಡಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಇದೇ ಬೆಂಗಳೂರಿನ ಬಳಗದೊಂದಿಗೆ ‘ಜ್ಯೋತಿ’ ಎಂಬ ಆಲ್ಬಮ್ಮನ್ನು ಇಸಿಎಂ ಎಂಬ ಧ್ವನಿಮುದ್ರಿಕೆ ಸಂಸ್ಥೆಗಾಗಿ ಮುದ್ರಿಸಿದರು.

ಇಲ್ಲಿನ ಹಳೆಯ ತಟ್ಟೆಗಳ ಅಂಗಡಿಯೊಂದರಲ್ಲಿ ‘ಜ್ಯೋತಿ’ಯ ಪ್ರತಿ ನನ್ನ ಕೈಗೆ ಸಿಕ್ಕ ದಿನ, ಹೊದಿಕೆಯ ಮೇಲೆ ಕರ್ನಾಟಕ ಎಂಬ ಹೆಸರು ನೋಡಿ ಅಂಗಡಿಯಲ್ಲೇ ಬಹಳ ಹೊತ್ತು ನಿಂತಿದ್ದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಆ ಬಳಗದ ಬಗ್ಗೆ ಮೊದಲು ತಿಳಿದದ್ದು ಜರ್ಮನಿಯ ಅಂಗಡಿಯವರ ಬಾಯಿಂದ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಶ್ರುತಿಪೆಟ್ಟಿಗೆ

ಇಸಾರ್ ದಂಡೆಯವರೇ, ಈ ಬರಹಕ್ಕಾಗಿ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹಿಂದಿನ ಬರಹದಲ್ಲಿ ನಾನು ತೆಗೆದುಕೊಂಡವರ ಮತ್ತು ಬಿಟ್ಟವರ ಲೆಕ್ಕ ಹಾಕಿದ್ದೆ. ಕೊಟ್ಟವರು ಎದುರಿಗೆ ಕುಳಿತು ಸರಿಸಮವಾಗಿ ನುಡಿಸಿದ ಪ್ರಸಂಗ ಆ ಲೆಕ್ಕದೊಳಗೆ ಬಂದಿರಲಿಲ್ಲ. ‘ಜ್ಯೋತಿ’ಯಲ್ಲಿ ರಮಾಮಣಿಯವರು ಹಾಡುವಾಗ ಅವರ ಶಾರೀರ ಅಲಂಕಾರಕ್ಕೆ ಇಟ್ಟ ವಸ್ತುವಲ್ಲ. ಗಮಕ ಅವರ ಕಂಠದಲ್ಲಿದೆ, ಮರಿಯಾನೊ ಅದಕ್ಕೆ ಕಿವಿಗೊಟ್ಟು ಉತ್ತರ ಕೊಡುತ್ತಾರೆ. ಕೊಠಡಿಯವರು ಹೇಳಿದ ಆ ಖಾಲಿ ಜಾಗವನ್ನು ಅಲ್ಲಿ ಯಂತ್ರದಿಂದ ತುಂಬಬೇಕಾಗಿಯೇ ಇಲ್ಲ.

ರೇಡಿಯೋದವರ ಆಕ್ಷೇಪವೂ ನ್ಯಾಯವಾದದ್ದು. ಹೂಕರ್ ಅವರ ಹಾಡನ್ನು ನಿನ್ನೆ ರಾತ್ರಿ ಹುಡುಕಿ ಕೇಳಿದೆ. ಅಲ್ಲಿ ಷಡ್ಜ ನಿಂತಿದೆ, ಆದರೆ ಹಿನ್ನೆಲೆಯಲ್ಲಿ ಹರಿಯುವ ಶ್ರುತಿಯಾಗಿ ಅಲ್ಲ, ಕಾಲಿನ ಪೆಟ್ಟಾಗಿ. ತಾಯಿ ಒಂದು ಕಡೆಯಿಂದ, ತಂದೆ ಇನ್ನೊಂದು ಕಡೆಯಿಂದ ಬಂದರೆಂದು ತಿದ್ದಿಕೊಳ್ಳುತ್ತೇನೆ. ಇನ್ನೊಂದು ಸಣ್ಣ ಸಂಗತಿ: ರೇಡಿಯೋದವರು ಹೆಸರಿಸಿದ ಪಿಂಕ್ ಫ್ಲಾಯ್ಡ್ ಆಲ್ಬಮ್ಮಿನ ‘ಮನಿ’ ಹಾಡಿನಲ್ಲಿ ನಾಣ್ಯಗಳ ಮತ್ತು ಗಲ್ಲಾಪೆಟ್ಟಿಗೆಯ ಸದ್ದನ್ನು ಟೇಪ್ ಬಳೆಯಾಗಿಸಿ ಏಳರ ಎಣಿಕೆಗೆ ಕೂರಿಸಿದ್ದಾರೆ. ನನ್ನ ವಿದ್ಯಾರ್ಥಿಗಳು ಅದಕ್ಕೆ ಯಾರೂ ಹೇಳಿಕೊಡದೆಯೇ ಏಳರ ಎಣಿಕೆಯ ಮಿಶ್ರಛಾಪು ತಾಳ ಹಾಕಿದರು.

ಗ್ರಾಮಫೋನ್ ತಟ್ಟೆ

ಇಂದಿನ ಹಾಡುಗಳಲ್ಲಿ ಇದರ ಗುರುತು ಎಲ್ಲಿದೆ ಎಂದು ಇಬ್ಬರು ಖಾಸಗಿ ಸಂದೇಶದಲ್ಲಿ ಕೇಳಿದ್ದಾರೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನ ಆಸ್ಟ್ರೇಲಿಯಾದ ಪರ್ತ್ ನಗರದ ಕೆವಿನ್ ಪಾರ್ಕರ್. ಟೇಮ್ ಇಂಪಾಲಾ ಎಂಬ ಹೆಸರು ತಂಡದ್ದಾಗಿದ್ದರೂ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ನುಡಿಸಿ, ಹಾಡಿ, ಮುದ್ರಿಸುವವರು ಅವರೊಬ್ಬರೇ. ಅವರ ಒಂದು ಹಾಡನ್ನು 2016ರಲ್ಲಿ ಪಾಪ್ ಗಾಯಕಿ ರಿಹಾನ್ನಾ ತಮ್ಮ ಆಲ್ಬಮ್ಮಿಗೆ ತೆಗೆದುಕೊಂಡಾಗ ಹಿನ್ನೆಲೆ ಸಂಗೀತವನ್ನು ಬಹುತೇಕ ಹಾಗೆಯೇ ಉಳಿಸಿಕೊಂಡರು. ಅಲೆಯಾಡುವ ಆ ಕೀಬೋರ್ಡು, ತೊಳೆದಂತೆ ತಿರುಗುವ ಆ ತಾಳ, ಕೊಠಡಿಯವರು ವಿವರಿಸಿದ ಎರಡು ಟೇಪ್ ಯಂತ್ರಗಳ ಮೊಮ್ಮಕ್ಕಳು. ಕೋಟ್ಯಂತರ ಜನ ಅದನ್ನು ಪಾಪ್ ಹಾಡೆಂದೇ ಕೇಳಿದರು, ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಧ್ವನಿ ಕೊಠಡಿ

ಕೊಡಚಾದ್ರಿಯವರ ಪ್ರಶ್ನೆಗೆ ಉತ್ತರ ಬಾಕಿಯಿತ್ತು, ಕ್ಷಮಿಸಿ. ಬೆಸುಗೆ ಗೊತ್ತಾಗುತ್ತದೆ. ಲೆನನ್‌ಗೆ ಒಂದು ಮುದ್ರಣದ ಆರಂಭವೂ ಇನ್ನೊಂದರ ಉಳಿದ ಭಾಗವೂ ಬೇಕಾಗಿದ್ದವು. ಎರಡನೆಯದರ ವೇಗವೂ ಹೆಚ್ಚು, ಶ್ರುತಿಯೂ ಹೆಚ್ಚು. ಟೇಪನ್ನು ನಿಧಾನವಾಗಿ ಓಡಿಸಿದರೆ ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೇ ಇಳಿಯುತ್ತವೆಯಾದ್ದರಿಂದ ಮಾರ್ಟಿನ್ ಮತ್ತು ಎಮೆರಿಕ್ ಅವರಿಗೆ ದಾರಿ ಸಿಕ್ಕಿತು. ಎರಡನೆಯದನ್ನು ಇಳಿಸಿ ಮೊದಲನೆಯದಕ್ಕೆ ಹೊಂದಿಸಿ, ಕತ್ತರಿಸಿ ಅಂಟಿಸಿದರು. ಎರಡರ ವೇಗ ಮತ್ತು ಶ್ರುತಿಯ ವ್ಯತ್ಯಾಸಗಳು ಒಂದಕ್ಕೊಂದು ಹೊಂದುವ ಪ್ರಮಾಣದಲ್ಲೇ ಇದ್ದದ್ದು ಅವರ ಅದೃಷ್ಟ.

ಹೆಡ್‌ಫೋನ್ ಹಾಕಿಕೊಂಡು ಗಡಿಯಾರ ನೋಡುತ್ತ ಕೇಳಿ. ಸರಿಸುಮಾರು ಒಂದು ನಿಮಿಷಕ್ಕೆ, ಚೆಲ್ಲೊ ಮತ್ತು ಟ್ರಂಪೆಟ್‌ಗಳು ಒಳಬರುವ ಹೊತ್ತಿನಲ್ಲಿ, ಲೆನನ್ ಧ್ವನಿ ಇದ್ದಕ್ಕಿದ್ದಂತೆ ದಪ್ಪವಾಗಿ, ನಿದ್ದೆಯಲ್ಲಿ ಮಾತನಾಡಿದಂತೆ ಆಗುತ್ತದೆ. ಬ್ಲೇಡು ಹಾಯ್ದ ಜಾಗ ಅದು.